ಭಯವನ್ನು ತಕ್ಕಡಿಯಲ್ಲಿಟ್ಟು ನೋಡೋಣ

ಶ್ರೀಕಾರ್ಯಂ ಪೇಟೆಯ ಒಂದು ಹೋಟೆಲಿನ ಹಿಂಗೋಣೆಯಲ್ಲಿ ಕಳೆದ ತಿಂಗಳು ನಡೆದ ಒಂದು ಸಣ್ಣ ಸಂಗತಿಯಿಂದ ಈ ಲೇಖನವು ಹುಟ್ಟಿತು. ಅಲ್ಲಿ ದೋಸೆಕಾವಲಿಯ ಮುಂದೆ ನಿಲ್ಲುವ ಭಟ್ಟರೊಬ್ಬರು ಕುಂದಾಪುರದ ಕಡೆಯವರು. ರಾತ್ರಿ ಹೋಟೆಲು ಮುಚ್ಚಿದ ಮೇಲೆ ಊರಿನಲ್ಲಿರುವ ವೃದ್ಧ ತಾಯಿಯೊಡನೆ ಅರ್ಧ ಗಂಟೆ ಫೋನಿನಲ್ಲಿ ಮಾತನಾಡುವುದು ಅವರ ಹಲವು ವರ್ಷಗಳ ರೂಢಿ. ಆ ದಿವಸ ನಾವು ಅಲ್ಲಿಗೆ ಹೋಗಿದ್ದಾಗ ಗಲ್ಲೆಯ ಮೇಲಿನ ಫೋನು ಬಾರಿಸಿತು. ಮಾತನಾಡಿದವರು ಆ ತಾಯಿ. ಹದಿನೈದು ದಿವಸಗಳಿಂದ ಮಗನ ಧ್ವನಿ ಕೇಳಿಲ್ಲ, ಸೌಖ್ಯವಿದ್ದಾನೋ ಇಲ್ಲವೋ ಎಂದು ಆಕೆ ಅಳುತ್ತಿದ್ದರು.

ಭಟ್ಟರನ್ನು ಕರೆದು ಕೇಳಿದೆವು. ಅವರು ಸಂಕೋಚದಿಂದ ಹೇಳಿದರು: “ಎಂತ ಮಾಡೂದು ಧಣಿಗಳೇ, ಫೋನ್ ಕಿವಿಗೆ ಹಿಡಿದರೆ ತಲೆಯೊಳಗೆ ಗೆಡ್ಡೆ ಬೆಳೀತದಂತೆ. ಹುಡುಗರು ವೀಡಿಯೋ ತೋರಿಸಿದ್ರು. ಎರಡು ಹೆಣ್ಣು ಮಕ್ಕಳಿದ್ದಾರೆ, ನನಗೆ ಹೆದರಿಕೆ ಉಂಟು.” ಹೀಗೆ ಹೇಳುತ್ತಲೇ ಸೊಂಟದ ಸಂಚಿಯಿಂದ ಎಲೆ, ಅಡಿಕೆ, ಸುಣ್ಣಗಳನ್ನು ತೆಗೆದು, ಹೊಗೆಸೊಪ್ಪಿನ ಒಂದು ಚೂರನ್ನು ಸೇರಿಸಿ, ದವಡೆಗೆ ಒತ್ತಿದರು.

ವಾಚಕರು ನಗಬಹುದು. ನಾವು ನಗಲಿಲ್ಲ. ಏಕೆಂದು ಮುಂದೆ ಹೇಳುತ್ತೇವೆ. ಮೊದಲು ಭಟ್ಟರ ಭಯವನ್ನೇ ವಿಚಾರಿಸೋಣ. ನಾವು ವೈದ್ಯರಲ್ಲ, ಎಸ್.ಎಸ್.ಎಲ್.ಸಿ.ಯವರೆಗೆ ಓದಿ, ಬಹುಕಾಲ ಗಲ್ಲೆಯ ಮೇಲೆ ಕುಳಿತು, ಬಳಿಕ ಲೇಖನಿ ಹಿಡಿದವರು. ಆದರೆ ಲೆಕ್ಕ ನೋಡುವುದು ನಮಗೆ ಅಭ್ಯಾಸ. ಭಯಕ್ಕೂ ಒಂದು ಲೆಕ್ಕವುಂಟು.

ಫೋನಿನ ವಿಷಯ

ಭಟ್ಟರ ಭಯಕ್ಕೆ ಬುಡವೇ ಇಲ್ಲವೆಂದು ಹೇಳಲಾಗದು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ, ಫ್ರಾನ್ಸಿನ ಲಿಯೋನ್ ನಗರದಲ್ಲಿರುವ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2011ನೆಯ ಇಸವಿಯಲ್ಲಿ ಫೋನಿನ ಅಲೆಗಳನ್ನು “ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದಾದ” ವಸ್ತುಗಳ ಪಟ್ಟಿಗೆ ಸೇರಿಸಿತು. ಈ ವರ್ಗಕ್ಕೆ 2ಬಿ ಎಂದು ಹೆಸರು. ಅಂದಿನಿಂದ ಈ ಸುದ್ದಿಯು ಕೈಯಿಂದ ಕೈಗೆ ದಾಟುತ್ತ, ಬಾಲ ಬೆಳೆಸಿಕೊಳ್ಳುತ್ತ, ನಮ್ಮ ಹೋಟೆಲುಗಳ ಹಿಂಗೋಣೆಯವರೆಗೂ ಬಂದಿದೆ.

ಆದರೆ ಆ ಪಟ್ಟಿಯನ್ನು ಓದುವ ಕ್ರಮವೊಂದುಂಟು. ಯಾವ ವಸ್ತುವಿನ ವಿರುದ್ಧ ಸಾಕ್ಷ್ಯವೆಷ್ಟು ಗಟ್ಟಿ ಎಂಬುದನ್ನು ಮಾತ್ರ ಅದು ಹೇಳುತ್ತದೆ. ಆ ವಸ್ತುವಿನಿಂದ ಎಷ್ಟು ಮಂದಿ ಸಾಯುತ್ತಾರೆಂಬುದನ್ನು ಹೇಳುವುದಿಲ್ಲ. 2ಬಿ ಎಂದರೆ ಸಾಕ್ಷ್ಯ ಅರೆಬರೆ, ಸಂಶಯ ಪೂರ್ತಿ ಹೋಗಿಲ್ಲ ಎಂದರ್ಥ. ನಮ್ಮ ಕಾಫಿಯೂ 1991ರಿಂದ ಅದೇ ವರ್ಗದಲ್ಲಿ ಇಪ್ಪತ್ತೈದು ವರ್ಷ ಕುಳಿತಿತ್ತು. 2016ರಲ್ಲಿ ಮರುವಿಚಾರಣೆ ನಡೆದು, ಕಾಫಿಯ ಮೇಲಿನ ಆರೋಪಕ್ಕೆ ತಕ್ಕ ಆಧಾರವಿಲ್ಲವೆಂದು ಅದನ್ನು ಅಲ್ಲಿಂದ ಬಿಡಿಸಿದರು. ಆದರೆ ಅದೇ ಸಂದರ್ಭದಲ್ಲಿ, 65 ಡಿಗ್ರಿಗಿಂತ ಹೆಚ್ಚು ಬಿಸಿಯಾದ ಪಾನೀಯ ಯಾವುದೇ ಆಗಲಿ, ಅನ್ನನಾಳಕ್ಕೆ ಒಳ್ಳೆಯದಲ್ಲವೆಂದು ಎಚ್ಚರಿಸಿದರು. ಲೋಟದಿಂದ ಬಟ್ಟಲಿಗೆ ಹೊಯ್ದು ಆರಿಸಿ ಕುಡಿಯುವ ನಮ್ಮ ಹಿರಿಯರ ಪದ್ಧತಿಯಲ್ಲಿ ಎಷ್ಟು ಹಿತವಿತ್ತೆಂಬುದನ್ನು ವಾಚಕರೇ ಎಣಿಸಿಕೊಳ್ಳಲಿ.

ಫೋನಿನ ಅಲೆಗಳು ರೇಡಿಯೋ ಅಲೆಗಳ ಜಾತಿಯವು. ಕ್ಷಕಿರಣದಂತೆ ದೇಹದ ಕಣಗಳನ್ನು ಒಡೆಯುವ ಬಲ ಅವುಗಳಿಗಿಲ್ಲ. ಒಂದಿಷ್ಟು ಬೆಚ್ಚಗೆ ಮಾಡಬಲ್ಲವು, ಅಷ್ಟೆ. ವಿಶ್ವ ಆರೋಗ್ಯ ಸಂಸ್ಥೆಯ ಕೋರಿಕೆಯ ಮೇರೆಗೆ ನಡೆದು 2024ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ 63 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಲಾಯಿತು. ಹತ್ತು ವರ್ಷಗಳಿಗೂ ಹೆಚ್ಚು ಕಾಲ ಫೋನು ಬಳಸಿದವರಲ್ಲಿಯೂ ಮಿದುಳಿನ ಕ್ಯಾನ್ಸರು ಹೆಚ್ಚಿದ್ದು ಕಂಡುಬರಲಿಲ್ಲ. ನಮ್ಮ ದೇಶದಲ್ಲಿ 2012ರ ಸೆಪ್ಟೆಂಬರ್ ತಿಂಗಳಿನಿಂದ ಫೋನಿನ ಅಲೆಗಳಿಗೆ ಕಿಲೋ ತೂಕಕ್ಕೆ 1.6 ವಾಟ್ ಎಂಬ ಮಿತಿಯೂ ಇದೆ. ಅಷ್ಟಾಗಿಯೂ ಅಂಜಿಕೆಯುಳ್ಳವರು ಕಿವಿಗೆ ತಂತಿ ಸಿಕ್ಕಿಸಿಕೊಂಡು, ಫೋನನ್ನು ದೂರವಿಟ್ಟು ಮಾತನಾಡಬಹುದು. ಸಂಕೇತ ಸರಿಯಾಗಿ ಸಿಕ್ಕದ ಒಳಕೋಣೆಯಲ್ಲಿ ಫೋನು ಹೆಚ್ಚು ಬಲದಿಂದ ಅಲೆ ಬಿಡುತ್ತದೆ. ಆದುದರಿಂದ ಹೊರಗೆ ಬಂದು ಗಾಳಿಯಲ್ಲಿ ನಿಂತು ಮಾತನಾಡಬಹುದು. ಇದಕ್ಕೆ ಖರ್ಚೂ ಇಲ್ಲ, ತಾಯಿಯನ್ನು ಅಳಿಸಬೇಕಾಗಿಯೂ ಇಲ್ಲ.

ನೆರೆಯ ಜಿಲ್ಲೆಯ ಮರಳು

ವಿಕಿರಣವೆಂಬ ಮಾತಿಗೇ ಬೆಚ್ಚುವವರು ತಿರುವನಂತಪುರದಿಂದ ರೈಲು ಹತ್ತಿ ಕೊಲ್ಲವನ್ನು ದಾಟಿ ಒಮ್ಮೆ ಹೋಗಿಬರಬೇಕು. ನೀಂಡಕರ, ಚವರ, ಕರುನಾಗಪ್ಪಳ್ಳಿಗಳ ಕಡಲತೀರದಲ್ಲಿ ಕಪ್ಪು ಮರಳು ಹರಡಿಕೊಂಡಿದೆ. ಅದರಲ್ಲಿ ಮೊನಜೈಟ್ ಎಂಬ ಖನಿಜವಿದೆ. ಮೊನಜೈಟಿನಲ್ಲಿ ಥೋರಿಯಂ ಇದೆ. ಹಿಂದೆ ಮದುವೆಯ ಚಪ್ಪರಗಳಲ್ಲಿ ಪೆಟ್ರೋಮ್ಯಾಕ್ಸ್ ದೀಪ ಉರಿಸುತ್ತಿದ್ದಾಗ ಬಿಳಿಯ ಬೆಳಕು ಕೊಡುತ್ತಿದ್ದ ಆ ಬಲೆಯ ಚೀಲಕ್ಕೆ ಬೇಕಾಗಿದ್ದುದು ಇದೇ ಥೋರಿಯಂ. ಅದಕ್ಕಾಗಿಯೇ ಕಳೆದ ಶತಮಾನದ ಮೊದಲಲ್ಲಿ ತಿರುವಾಂಕೂರಿನ ಮರಳಿಗೆ ವಿಲಾಯತಿಯವರು ಮುಗಿಬಿದ್ದರು.

ಇದು ಫೋನಿನ ಅಲೆಯಂಥ ಮೆದು ಜಾತಿಯದಲ್ಲ. ಕಣಗಳನ್ನು ಒಡೆಯಬಲ್ಲ ನಿಜವಾದ ವಿಕಿರಣ. ಜಗತ್ತಿನಲ್ಲಿ ಮನುಷ್ಯನಿಗೆ ಪ್ರಕೃತಿಯಿಂದ ಎಲ್ಲ ಬಗೆಗಳೂ ಸೇರಿ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಸಿಕ್ಕುತ್ತದೆ. ಆ ತೀರದ ಗ್ರಾಮಗಳಲ್ಲಿ ಮನೆಯ ಹೊರಗಿನ ನೆಲದಿಂದಲೇ ಬರುವ ವಿಕಿರಣ ವರ್ಷಕ್ಕೆ 4 ಮಿಲಿಗ್ರೇಯನ್ನು ಮೀರುತ್ತದೆ. ಕೆಲವು ಜಾಗಗಳಲ್ಲಿ 70ರವರೆಗೂ ಅಳೆದದ್ದುಂಟು. ಅಲ್ಲಿ ಜನರು ತಲೆಮಾರುಗಳಿಂದ ಮೀನು ಹಿಡಿಯುತ್ತ, ಹಗ್ಗ ಹೊಸೆಯುತ್ತ, ಅದೇ ಮರಳಿನ ಮೇಲೆ ಮಲಗಿ ಎದ್ದಿದ್ದಾರೆ.

ಅವರ ಗತಿ ಏನಾಯಿತು? ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದವರು 1990ರಿಂದ ಕರುನಾಗಪ್ಪಳ್ಳಿಯಲ್ಲಿ ಕ್ಯಾನ್ಸರ್ ರೋಗಿಗಳ ನೋಂದಣಿ ನಡೆಸಿ, ಮನೆ ಮನೆಗೂ ಹೋಗಿ ವಿಕಿರಣವನ್ನು ಅಳೆದರು. 69,958 ಮಂದಿಯನ್ನು ಸರಾಸರಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದರು. 2005ರ ಕೊನೆಗೆ ಅವರಲ್ಲಿ 1,379 ಮಂದಿಗೆ ಕ್ಯಾನ್ಸರು ಬಂದಿತ್ತು. ಹೆಚ್ಚು ವಿಕಿರಣವಿದ್ದ ಮನೆಗಳಲ್ಲಿ ಹೆಚ್ಚು ಕ್ಯಾನ್ಸರು ಕಾಣಲಿಲ್ಲ. ಇದು 2009ರಲ್ಲಿ ಪ್ರಕಟವಾದ ಫಲಿತಾಂಶ. ಇದರಿಂದ ವಿಕಿರಣವು ಅಮೃತವೆಂದು ಯಾರೂ ತಿಳಿಯಬಾರದು. ಬಹು ಸಣ್ಣ ಅಪಾಯವು ಇಂಥ ಲೆಕ್ಕದ ಕಣ್ಣಿಗೆ ಬೀಳದೆಯೂ ಹೋಗಬಹುದು. ಆದರೆ ಕಣ್ಣಿಗೆ ಬೀಳದಷ್ಟು ಸಣ್ಣದಕ್ಕಾಗಿ ಆ ಬೆಸ್ತರು ಕಡಲನ್ನು ಬಿಟ್ಟು ಓಡಬೇಕಾಗಿರಲಿಲ್ಲವೆಂಬುದಂತೂ ಸ್ಪಷ್ಟ.

ಮರಗೆಣಸಿನ ಪಾಠ

ಇನ್ನೊಂದು ದೃಷ್ಟಾಂತಕ್ಕೆ ಶ್ರೀಕಾರ್ಯವನ್ನು ಬಿಟ್ಟು ಹೋಗಬೇಕಾಗಿಯೇ ಇಲ್ಲ. 1963ರಲ್ಲಿ ಸ್ಥಾಪಿತವಾದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾಲಯವು ಇಲ್ಲಿಯೇ ಇದೆ. ಅಲ್ಲಿಯ ಮುಖ್ಯ ಬೆಳೆ ಮರಗೆಣಸು, ಮಲೆಯಾಳಿಗಳ ‘ಕಪ್ಪ’. 1880ರಿಂದ 1885ರವರೆಗೆ ತಿರುವಾಂಕೂರನ್ನು ಆಳಿದ ವಿಶಾಖಂ ತಿರುನಾಳ್ ಮಹಾರಾಜರು ಇದನ್ನು ಬೆಳೆಯಲು ಪ್ರಜೆಗಳನ್ನು ಹುರಿದುಂಬಿಸಿದರು. 1942ರಲ್ಲಿ ಬರ್ಮಾದ ಅಕ್ಕಿ ನಿಂತುಹೋದಾಗ ಈ ಗೆಣಸೇ ಇಲ್ಲಿಯ ಬಡವರ ಹೊಟ್ಟೆಯನ್ನು ಕಾಯಿತು.

ಈ ಗೆಣಸಿನಲ್ಲಿ ವಿಷವಿದೆಯೆಂಬುದು ಎಷ್ಟು ಜನ ವಾಚಕರಿಗೆ ಗೊತ್ತು? ಹಸಿಯಾಗಿದ್ದಾಗ ಕೊಯ್ದರೆ ಅದರೊಳಗಿನ ಒಂದು ವಸ್ತುವಿನಿಂದ ಸಯನೈಡ್ ಹೊರಡುತ್ತದೆ. ಕಹಿ ಜಾತಿಯವುಗಳಲ್ಲಿ ಇದು ಹೆಚ್ಚು. ಹಸಿ ಎಲೆ, ಸಿಪ್ಪೆಗಳನ್ನು ತಿಂದು ದನಕರುಗಳು ಸಾಯುವುದುಂಟು. ಮಲೆಯಾಳದ ಗೃಹಿಣಿಯು ಇದಕ್ಕೆ ಏನು ಮಾಡಿದಳು? ಹೆದರಿ ಗೆಣಸನ್ನು ಬಿಸಾಡಲಿಲ್ಲ. ತಿಳಿಯದೆ ಹಸಿಯಾಗಿ ತಿನ್ನಲೂ ಇಲ್ಲ. ಸಿಪ್ಪೆ ಸುಲಿದು, ತುಂಡುಮಾಡಿ, ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಿ, ತೆಂಗಿನಕಾಯಿ ಹಾಕಿ ಬಡಿಸಿದಳು. ಅಪಾಯವೆಲ್ಲಿದೆಯೆಂದು ತಿಳಿದು, ಅಷ್ಟನ್ನು ಮಾತ್ರ ಚೆಲ್ಲಿ, ರುಚಿಯನ್ನು ಉಳಿಸಿಕೊಂಡಳು. ಆರೋಗ್ಯಶಾಸ್ತ್ರದ ದೊಡ್ಡ ಗ್ರಂಥಗಳ ಸಾರವೂ ಇಷ್ಟೇ ಎಂದು ನಮಗೆ ತೋರುತ್ತದೆ.

ದವಡೆಯಲ್ಲಿದ್ದ ಅಪಾಯ

ಈಗ ನಾವು ಏಕೆ ನಗಲಿಲ್ಲವೆಂಬುದನ್ನು ಹೇಳಬೇಕು.

ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ನಮ್ಮಲ್ಲಿ ಹಿರಿಯ ಅಡಿಗೆಯವರೊಬ್ಬರಿದ್ದರು. ನಮಗೆ ಸಾಂಬಾರಿನ ಹದವನ್ನು ಕಲಿಸಿದವರು; ನಮ್ಮನ್ನು “ಮಾಣಿ” ಎಂದೇ ಕೊನೆಯವರೆಗೂ ಕರೆದವರು. ಅವರ ದವಡೆಯಲ್ಲಿ ಹಗಲಿರುಳು ಹೊಗೆಸೊಪ್ಪಿನ ಉಂಡೆ. ಒಮ್ಮೆ ಬಾಯಲ್ಲಿ ಹುಣ್ಣಾಯಿತು. “ಒಲೆಯ ಉಷ್ಣಕ್ಕೆ ಆದದ್ದು” ಎಂದು ಬೆಣ್ಣೆ ಹಚ್ಚಿಕೊಂಡರು. ತಿಂಗಳುಗಳು ಕಳೆದವು. ಉಪ್ಪು ಖಾರ ನೋಡಲಾರದೆ ಸಾಂಬಾರಿನ ರುಚಿಯನ್ನು ನಮ್ಮಿಂದ ನೋಡಿಸುತ್ತಿದ್ದರು. ನಾವು ಕಂಡೆವು; ಕಂಡೂ ಆಸ್ಪತ್ರೆಗೆ ಕಳುಹಿಸಲಿಲ್ಲ. ಆಳು ಸಿಕ್ಕದ ಕಾಲ. ರಜೆ ಕೊಟ್ಟರೆ ಒಲೆಯನ್ನು ನೋಡುವವರಾರು ಎಂಬ ಲೆಕ್ಕದಲ್ಲಿ ನಾವಿದ್ದೆವು. ಕೊನೆಗೆ ಅವರು ತಾವಾಗಿಯೇ ವೈದ್ಯರಲ್ಲಿಗೆ ಹೋದಾಗ ಕಾಲ ಮೀರಿತ್ತು. ಆ ಲೆಕ್ಕವನ್ನು ನಾವು ಇಂದಿಗೂ ಮುಚ್ಚಲಾರದೆ ಇದ್ದೇವೆ. ಅವರು ತೀರಿಕೊಂಡ ಮೇಲೂ ನಾವು ಎಲೆಅಡಿಕೆಯನ್ನು ಬಿಡಲು ಎರಡು ವರ್ಷ ಹಿಡಿಯಿತು. ದಂತವೈದ್ಯರೊಬ್ಬರು ನಮ್ಮ ಕೆನ್ನೆಯ ಒಳಗಿನ ಬಿಳಿಯ ಮಚ್ಚೆಯನ್ನು ಕನ್ನಡಿಯಲ್ಲಿ ತೋರಿಸಿದ ಬಳಿಕವೇ ಬಿಟ್ಟೆವು.

ಮೊದಲು ಹೇಳಿದ ಲಿಯೋನಿನ ಪಟ್ಟಿಯಲ್ಲಿ ಹೊಗೆಸೊಪ್ಪು ಮೊದಲನೆಯ ವರ್ಗದ್ದು. ಅಡಿಕೆಯೂ, ಮದ್ಯವೂ ಹಾಗೆಯೇ. ಮೊದಲನೆಯ ವರ್ಗವೆಂದರೆ ಸಂಶಯವಿಲ್ಲ, ಸಾಕ್ಷ್ಯ ಪೂರ್ಣ ಎಂದರ್ಥ. ಭಟ್ಟರು ಅರೆಸಂಶಯದ ವಸ್ತುವನ್ನು ಕಿವಿಯಿಂದ ದೂರವಿಟ್ಟು, ಸಂಶಯವೇ ಇಲ್ಲದ ವಸ್ತುವನ್ನು ದವಡೆಯಲ್ಲಿಟ್ಟುಕೊಂಡಿದ್ದರು.

ಇದಕ್ಕೆ ಪರಿಹಾರವೂ ಈ ಜಿಲ್ಲೆಯಲ್ಲಿಯೇ ಸಿದ್ಧವಾಗಿದೆ. ತಿರುವನಂತಪುರ ಜಿಲ್ಲೆಯ 13 ಪಂಚಾಯತುಗಳಲ್ಲಿ 1996ರಿಂದ ಒಂದು ದೊಡ್ಡ ಪ್ರಯೋಗ ನಡೆಯಿತು. ತರಬೇತಿ ಪಡೆದ ಕಾರ್ಯಕರ್ತರು ಮನೆಗಳಿಗೆ ಹೋಗಿ, ಬೆಳಕು ಹಿಡಿದು, ಬಾಯೊಳಗೆ ಕಣ್ಣಿನಿಂದ ನೋಡಿದರು. ಬೇರೆ ಯಂತ್ರವೇನೂ ಇಲ್ಲ. 2005ರಲ್ಲಿ ಫಲಿತಾಂಶ ಹೊರಬಂದಾಗ, ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ, ಹಾಗೆ ಪರೀಕ್ಷೆ ನಡೆಸಿದ ಕಡೆ ಬಾಯಿಯ ಕ್ಯಾನ್ಸರಿನಿಂದ ಸಾಯುವವರ ಪ್ರಮಾಣವು ಸುಮಾರು ಮೂರನೆಯ ಒಂದು ಪಾಲು ಕಡಿಮೆಯಾಗಿತ್ತು. ಒಂದು ನಿಮಿಷ ಬಾಯಿ ತೆರೆದುದರ ಬೆಲೆ ಇದು.

ತಕ್ಕಡಿಯ ಎರಡು ತಟ್ಟೆಗಳು

ಹೋಟೆಲಿನಲ್ಲಿ ದುಡಿಯುವವರೂ ಕಚೇರಿಯಲ್ಲಿ ಬರೆಯುವವರೂ ತಮ್ಮ ತಮ್ಮ ಅಪಾಯಗಳನ್ನು ತೂಕದ ಕ್ರಮದಲ್ಲಿ ಜೋಡಿಸಿಕೊಳ್ಳಲಿ. ಹೊಗೆಸೊಪ್ಪು, ಬೀಡಿ, ಮದ್ಯಗಳು ಮೊದಲು. ಅದರ ಬಳಿಕ ರಸ್ತೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ರಾತ್ರಿ ಕೆಲಸ ಮುಗಿಸಿ ಕಳಕ್ಕೂಟ್ಟದ ಕಡೆಗೋ ಉಳ್ಳೂರಿನ ಕಡೆಗೋ ನಿದ್ದೆಗಣ್ಣಿನಲ್ಲಿ ಸ್ಕೂಟರು ಓಡಿಸುವ ನಮ್ಮ ಹುಡುಗರು, ಹೆಲ್ಮೆಟ್ಟನ್ನು ಕೈಗೆ ಸಿಕ್ಕಿಸಿಕೊಂಡು, ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಅದುಮಿಕೊಂಡು ಹೋಗುವುದನ್ನು ಕಂಡಿದ್ದೇವೆ. ಫೋನಿನಿಂದ ಪ್ರಾಣ ಹೋಗುವುದಿದ್ದರೆ ಹೀಗೆಯೇ ಹೋಗುತ್ತದೆ. ಅಲ್ಲಿ ಕೊಲ್ಲುವುದು ಅಲೆಯಲ್ಲ, ಅಜಾಗ್ರತೆ.

ಮೂರನೆಯದು ಅಡಿಗೆಮನೆಯೊಳಗಿದೆ. ಕಾದ ಎಣ್ಣೆಯ ಹೊಗೆಯನ್ನು ಅದೇ ಪಟ್ಟಿಯವರು ಫೋನಿಗಿಂತ ಮೇಲಿನ, 2ಎ ವರ್ಗದಲ್ಲಿಟ್ಟಿದ್ದಾರೆ. ಮತ್ತೆ ಮತ್ತೆ ಕಾಸಿದ ಎಣ್ಣೆಗೆ 2018ರ ಜುಲೈಯಿಂದ ಕಾನೂನಿನ ಮಿತಿಯೂ ಉಂಟು. ಬಾಣಲೆಯ ಮೇಲೆ ಹೊಗೆ ಎಳೆಯುವ ಫ್ಯಾನು ತಿರುಗದಿದ್ದರೆ ಅದನ್ನು ಸರಿಪಡಿಸುವುದು ಮಾಲಿಕರ ಧರ್ಮ. ನಾಲ್ಕನೆಯದು ಉಪ್ಪು, ಸಕ್ಕರೆ, ನಿದ್ದೆಗೇಡು ಮತ್ತು ಕುರ್ಚಿ. ಉಪ್ಪು ದಿವಸಕ್ಕೆ 5 ಗ್ರಾಮಿನೊಳಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಗುಮಾಸ್ತರು ಉಪ್ಪಿನಕಾಯಿಯ ಭರಣಿಯನ್ನು ತುಸು ದೂರವಿಟ್ಟು, ಸಂಜೆ ಎರಡು ಬಸ್‌ಸ್ಟಾಪಿನಷ್ಟು ನಡೆದರೆ ಸಾಕು. ಇವೆಲ್ಲವನ್ನೂ ತೂಗಿ ಮುಗಿಸಿದ ಮೇಲೆ, ಉಳಿದ ಪುರುಸೊತ್ತಿನಲ್ಲಿ ಫೋನಿನ ಅಲೆಗೆ ಅಂಜಬಹುದು.

ಇನ್ನೊಂದು ತಟ್ಟೆಯನ್ನೂ ಮರೆಯಬಾರದು. ಊರು ಬಿಟ್ಟು ಬಂದು, ಹಂಡೆಯಷ್ಟು ಕೋಣೆಯಲ್ಲಿ ನಾಲ್ವರು ಮಲಗಿ, ಬೆಳಗ್ಗೆ ನಾಲ್ಕಕ್ಕೆ ಎದ್ದು ದುಡಿಯುವವನಿಗೆ ಸುಖವೆಂಬುದು ಎಷ್ಟು? ಒಂದು ಲೋಟ ಕಾಫಿ, ವಾರದ ರಜೆಯಲ್ಲಿ ಶಂಖುಮುಖದ ಕಡಲಗಾಳಿ, ರಾತ್ರಿ ತಾಯಿಯ ಅಥವಾ ಮಡದಿಯ ಧ್ವನಿ. ಸಿಕ್ಕಿದ ಇಷ್ಟನ್ನೂ ಭಯಕ್ಕೆ ಬಲಿಕೊಟ್ಟು ನೂರು ವರ್ಷ ಬದುಕಿದರೆ ಅದನ್ನು ಆಯುಷ್ಯವೆನ್ನಬಹುದೆ? ತಾಯಿಯ ಧ್ವನಿಯಿಲ್ಲದ ಹದಿನೈದು ರಾತ್ರಿಗಳಲ್ಲಿ ಭಟ್ಟರು ಸರಿಯಾಗಿ ನಿದ್ರಿಸಿರಲಿಲ್ಲವೆಂದು ಅವರೇ ಒಪ್ಪಿಕೊಂಡರು. ಹೊಗೆಸೊಪ್ಪು ಎರಡು ಪಾಲು ಹೆಚ್ಚಾಗಿತ್ತಂತೆ.

ಕೊನೆಗೆ ಮಾಲಿಕ ಬಂಧುಗಳಲ್ಲಿ ಒಂದು ವಿಜ್ಞಾಪನೆ. ನಿಮ್ಮಲ್ಲಿ ಯಾರಿಗಾದರೂ ಎರಡು ವಾರ ಕಳೆದರೂ ಮಾಯದ ಬಾಯಿಹುಣ್ಣು, ಬಿಳಿಯ ಅಥವಾ ಕೆಂಪು ಮಚ್ಚೆ ಕಂಡರೆ, ಸಂಬಳ ಹಿಡಿಯದೆ ಅರ್ಧ ದಿವಸ ರಜೆ ಕೊಟ್ಟು ಕಳುಹಿಸಿರಿ. 1981ರಲ್ಲಿ ಸ್ಥಾಪಿತವಾದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವು ಮೆಡಿಕಲ್ ಕಾಲೇಜಿನ ಆವರಣದಲ್ಲಿದೆ. ಶ್ರೀಕಾರ್ಯದಿಂದ ಅದು ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ. ದೋಸೆ ಒಂದು ಹೊತ್ತು ತಡವಾದರೆ ಗಿರಾಕಿ ಗೊಣಗುತ್ತಾನೆ, ನಾಳೆ ಮತ್ತೆ ಬರುತ್ತಾನೆ. ನಮ್ಮ ಹಿರಿಯರು ಮತ್ತೆ ಬರಲಿಲ್ಲ.

ಆ ರಾತ್ರಿ ಭಟ್ಟರು ಹೋಟೆಲಿನ ಹಿಂದಿನ ಜಗಲಿಯಲ್ಲಿ ನಿಂತು ಊರಿಗೆ ಫೋನು ಮಾಡಿದರು. ಹೊಗೆಸೊಪ್ಪಿನ ಸಂಚಿಯನ್ನು ನಮ್ಮ ಕೈಗೆ ಕೊಡಿರೆಂದು ಕೇಳಿದೆವು; ಕೊಡಲಿಲ್ಲ. “ನಾಳೆ ನೋಡುವ, ಧಣಿಗಳೇ” ಎಂದರು. ಆದರೆ ಮುಂದಿನ ಸೋಮವಾರ ಬಾಯಿಯ ಪರೀಕ್ಷೆಗೆ ಹೊರಟಾಗ ನಮ್ಮನ್ನೂ ಜೊತೆಗೆ ಕರೆದರು. ನಾವು ಹೋದೆವು.