ಬೆರಳ ತುದಿಯ ಅರಿವು

ಪುತ್ತೂರು, ಸುಳ್ಯ, ಕಡಬದ ಸೀಮೆಯಲ್ಲಿ ಎಷ್ಟೋ ಮನೆಗಳ ಬದುಕು ಬೆರಳ ತುದಿಯಲ್ಲಿದೆ. ಬೀಡಿಯ ಸುರುಳಿ ಎಷ್ಟು ಬಿಗಿಯಾಗಬೇಕು, ರಬ್ಬರ್ ಮರದ ತೊಗಟೆಯಲ್ಲಿ ಕತ್ತಿ ಎಷ್ಟು ಆಳಕ್ಕಿಳಿಯಬೇಕು, ಅಡಿಕೆ ಸುಲಿಯುವಾಗ ಕೈ ಅಲಗಿಗೆ ಎಷ್ಟು ಸಮೀಪಿಸಬಹುದು—ಇವೆಲ್ಲ ಸ್ಪರ್ಶಕ್ಕೆ ವಶವಾದ ವಿದ್ಯೆ.

ಆರಂಭದ ಹಂತದಲ್ಲಿ ಪತ್ತೆಯಾದ ಕ್ಯಾನ್ಸರ್ ಗುಣವಾಗುವ ಭರವಸೆ ಹೆಚ್ಚು. ಆದರೆ ಸ್ತನದ ಕ್ಯಾನ್ಸರಿಗೆ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್, ದೊಡ್ಡ ಕರುಳಿನ ಕ್ಯಾನ್ಸರಿಗೆ ಕೊಡುವ ಆಕ್ಸಾಲಿಪ್ಲಾಟಿನ್ ನರಗಳನ್ನೂ ನೋಯಿಸಬಲ್ಲವು. ನರತಂತುವಿನೊಳಗೆ ಪೋಷಕ ದ್ರವ್ಯಗಳು ಸೂಕ್ಷ್ಮನಾಳಗಳೆಂಬ ಹಳಿಗಳ ಮೇಲೆ ಸಾಗುತ್ತವೆ. ಪ್ಯಾಕ್ಲಿಟ್ಯಾಕ್ಸೆಲ್ ಆ ಹಳಿಗಳನ್ನೇ ಸ್ತಬ್ಧಗೊಳಿಸುತ್ತದೆ. ಉದ್ದದ ನರಗಳು ಮೊದಲು ಸೊರಗಿ, ಕಾಲ್ಬೆರಳು ಕೈಬೆರಳುಗಳು ಜೋಮು ಹಿಡಿಯುತ್ತವೆ. ಕೆಲವರಿಗೆ ಅದು ತಿಂಗಳುಗಳಲ್ಲಿ ಇಳಿಯುತ್ತದೆ. ಕೆಲವರಿಗೆ ವರ್ಷಗಳು ಕಳೆದರೂ ಉಳಿಯುತ್ತದೆ.

ಇದು ಯಾರಿಗೆ ಬಂದೀತೆಂದು ಮುಂದಾಗಿ ಅರಿಯಬಹುದೆ? ಒಂದು ಮಟ್ಟಿಗೆ ಅರಿಯಬಹುದು. ಮಧುಮೇಹ, ಅತಿತೂಕ, ಇಳಿವಯಸ್ಸು, ಮೊದಲೇ ಇದ್ದ ನರದೌರ್ಬಲ್ಯ, ದೇಹಕ್ಕೆ ಸೇರುವ ಔಷಧದ ಒಟ್ಟು ಪ್ರಮಾಣ—ಇವು ಅಪಾಯವನ್ನು ಹೆಚ್ಚಿಸುತ್ತವೆ. ಈ ಅಂಶಗಳನ್ನು ಕೂಡಿಸಿ ಲೆಕ್ಕ ಹಾಕುವ ಕ್ರಮವೊಂದಕ್ಕಾಗಿ ಅಮೆರಿಕದ ಸ್ವಾಗ್ ಸಂಶೋಧನಾ ಒಕ್ಕೂಟವು ಸಾವಿರಕ್ಕೂ ಹೆಚ್ಚು ಆರಂಭಿಕ ಹಂತದ ರೋಗಿಗಳನ್ನು ಅಧ್ಯಯನಕ್ಕೆ ಸೇರಿಸಿಕೊಂಡಿತು. ಆದರೂ ಇಂಥ ಲೆಕ್ಕ ಸಂಭವವನ್ನು ಹೇಳೀತೇ ಹೊರತು ವಿಧಿಯನ್ನಲ್ಲ.

ಮುಂದಾಗಿ ಅರಿಯುವುದರ ಬೆಲೆ ದೊಡ್ಡದು. ಏಕೆಂದರೆ ನರಗಳನ್ನು ಕಾಯುವ ಔಷಧವೆಂದು ಶಿಫಾರಸು ಮಾಡತಕ್ಕದ್ದು 2020ರ ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘದ ಮಾರ್ಗಸೂಚಿಗೂ ಒಂದೂ ದೊರೆಯಲಿಲ್ಲ. ಉಳಿದ ಉಪಾಯವೆಂದರೆ ಚಿಕಿತ್ಸೆಯನ್ನೇ ಅಳೆದು ಕೊಡುವುದು. ದೊಡ್ಡ ಕರುಳಿನ ಕ್ಯಾನ್ಸರಿನ 12,800ಕ್ಕೂ ಹೆಚ್ಚು ರೋಗಿಗಳನ್ನೊಳಗೊಂಡ 6 ಪರೀಕ್ಷೆಗಳ ಒಟ್ಟು ಫಲ 2018ರಲ್ಲಿ ಪ್ರಕಟವಾಯಿತು. ಆಕ್ಸಾಲಿಪ್ಲಾಟಿನ್ ಚಿಕಿತ್ಸೆ 6 ತಿಂಗಳಿಗೆ ಬದಲು 3 ತಿಂಗಳಿಗೆ ಮುಗಿದಾಗ ನರಬಾಧೆ ಬಹಳ ಕಡಮೆಯಾಯಿತು. ಕಡಮೆ ಅಪಾಯದ ವರ್ಗದವರಿಗೆ, ಆಯ್ದ ಔಷಧಜೋಡಿಯಲ್ಲಿ, 3 ತಿಂಗಳೇ ಸಾಕೆಂದು ಕಂಡಿತು.

ಹಾಗೆಂದು ರೋಗಿ ತಾನಾಗಿ ಚಿಕಿತ್ಸೆ ನಿಲ್ಲಿಸುವುದು ಪ್ರಾಣಕ್ಕೇ ಅಪಾಯ. ಮಾಡಬೇಕಾದುದು ಮಾತು. ಮೊದಲ ಜೋಮಿನಲ್ಲೇ, ಅಂಗಿಯ ಗುಂಡಿ ಹಾಕಲು ತಡವರಿಸಿದಾಗಲೇ, ವೈದ್ಯರಿಗೆ ತಿಳಿಸಬೇಕು. ವೈದ್ಯರೂ ಸಕ್ಕರೆಯ ಪ್ರಮಾಣದೊಡನೆ ಇನ್ನೊಂದನ್ನು ಕೇಳಿ ಬರೆದುಕೊಳ್ಳಬೇಕು: “ನಿಮ್ಮ ಕೈ ದಿನವೂ ಏನು ಕೆಲಸ ಮಾಡುತ್ತದೆ?” ಗುಣವಾದವರು ಹಿಂತಿರುಗುವುದು ಆ ಕೆಲಸಕ್ಕೇ ಅಲ್ಲವೆ?