ರೋಗಿಯ ಬಳಿಯೋ, ತರಗತಿಯಲ್ಲೋ?

ಶುಶ್ರೂಷಾ ವೃತ್ತಿಯು ನಮ್ಮ ಕಥೋಲಿಕ ಕುಟುಂಬಗಳಿಗೆ ಹೊಸದಲ್ಲ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರು 1880ರಲ್ಲಿ ತೆರೆದ ಔಷಧಾಲಯದಿಂದ ಹಿಡಿದು, 1963ರಲ್ಲಿ ಆರಂಭವಾದ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೆಗೆ, ರೋಗಿಗಳ ಸೇವೆಯನ್ನು ಧರ್ಮಸಭೆಯು ತನ್ನ ಕರ್ತವ್ಯವೆಂದೇ ಬಗೆದಿದೆ. 2005ರಲ್ಲಿ ಸ್ಥಾಪಿತವಾದ ಗುಲ್ಬರ್ಗ ಧರ್ಮಪ್ರಾಂತ್ಯದ ನಮ್ಮ ಮನೆಗಳಲ್ಲಿಯೂ ಬಿ.ಎಸ್ಸಿ. ನರ್ಸಿಂಗ್ ಮುಗಿಸಿದ ಮಕ್ಕಳ ಮುಂದೆ ಈಗ ಒಂದು ಪ್ರಶ್ನೆ ನಿಂತಿದೆ: ಮುಂದಿನ ವ್ಯಾಸಂಗ ಯಾವುದು? ನರ್ಸ್ ಪ್ರಾಕ್ಟೀಷನರ್ ಆಗುವುದೋ, ನರ್ಸಿಂಗ್ ಅಧ್ಯಾಪಕಿಯಾಗುವುದೋ?

ನರ್ಸ್ ಪ್ರಾಕ್ಟೀಷನರ್ ಎಂಬ ಕಲ್ಪನೆ ಹುಟ್ಟಿದ್ದು 1965ರಲ್ಲಿ, ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ. ಲೊರೆಟಾ ಫೋರ್ಡ್ ಎಂಬ ದಾದಿಯೂ ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರೂ ಕೂಡಿ, ವೈದ್ಯರಿಲ್ಲದ ಊರುಗಳ ಮಕ್ಕಳನ್ನು ಪರೀಕ್ಷಿಸಬಲ್ಲ ದಾದಿಯರನ್ನು ಸಿದ್ಧಗೊಳಿಸಿದರು. ಆದರೆ ಅದೇ ಹೆಸರು ನಮ್ಮ ದೇಶದಲ್ಲಿ ಬೇರೆ ಅರ್ಥವನ್ನು ಪಡೆದಿದೆ. ಭಾರತೀಯ ನರ್ಸಿಂಗ್ ಪರಿಷತ್ತು ರೂಪಿಸಿದ ಎರಡು ವರ್ಷಗಳ ಸ್ನಾತಕೋತ್ತರ ಶಿಕ್ಷಣವು ತೀವ್ರ ನಿಗಾ ಘಟಕಕ್ಕೆ ಸಂಬಂಧಿಸಿದ್ದು. ಅದರ ಬಹುಪಾಲು ಕಲಿಕೆ ರೋಗಿಯ ಹಾಸಿಗೆಯ ಪಕ್ಕದಲ್ಲಿಯೇ ನಡೆಯುತ್ತದೆ. ಕಲಿತವರು ಆಸ್ಪತ್ರೆಯ ನಿಯಮಾವಳಿಗೆ ಒಳಪಟ್ಟು, ವೈದ್ಯರೊಡನೆ ಕೂಡಿ ಕೆಲಸ ಮಾಡಬೇಕೇ ಹೊರತು ಸ್ವಂತ ಚಿಕಿತ್ಸಾಲಯ ತೆರೆಯುವಂತಿಲ್ಲ.

ಇನ್ನೊಂದು ದಾರಿ ಎಂ.ಎಸ್ಸಿ. ನರ್ಸಿಂಗ್. ಇದೂ ಎರಡು ವರ್ಷ. ವೈದ್ಯಕೀಯ-ಶಸ್ತ್ರಚಿಕಿತ್ಸಾ, ಮಕ್ಕಳ, ಪ್ರಸೂತಿ, ಮಾನಸಿಕ ಹಾಗೂ ಸಮುದಾಯ ಆರೋಗ್ಯ ಎಂಬ ಐದು ವಿಭಾಗಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಬೋಧನಾ ವಿಧಾನವೂ ಸಂಶೋಧನೆಯೂ ಪಾಠದ ಭಾಗ. ನರ್ಸಿಂಗ್ ಕಾಲೇಜುಗಳ ಅಧ್ಯಾಪಕ ಹುದ್ದೆಗೆ ಇದೇ ರಾಜಮಾರ್ಗ.

ಈಗ ನಮ್ಮ ಪ್ರದೇಶವನ್ನೇ ನೋಡೋಣ. ಬಸವಕಲ್ಯಾಣ ತಾಲೂಕಿನ ಕೊಹಿನೂರದಂತಹ ಗ್ರಾಮದಲ್ಲಿ ತೀವ್ರ ನಿಗಾ ಘಟಕವಿಲ್ಲ; ಅದಕ್ಕಾಗಿ ಬೀದರಕ್ಕೋ ಕಲಬುರಗಿಗೋ ಹೋಗಬೇಕು. ಆದುದರಿಂದ ಮಗಳು ನರ್ಸ್ ಪ್ರಾಕ್ಟೀಷನರ್ ಆಗಿ ಹುಟ್ಟೂರಿನ ಸೇವೆ ಮಾಡುವಳೆಂದು ಎಣಿಸುವ ತಂದೆತಾಯಂದಿರು ಹೆಸರಿಗೆ ಮರುಳಾಗದೆ ಪಠ್ಯವನ್ನು ಓದಿ ನೋಡಬೇಕು. ಹಳ್ಳಿಯ ಅಗತ್ಯಕ್ಕೆ ಹತ್ತಿರವಾದ ದಾರಿಗಳು ಬೇರೆ ಇವೆ. 2018ರಲ್ಲಿ ಕೇಂದ್ರ ಸರಕಾರವು ಸಹಜ ಹೆರಿಗೆಯ ಹೊಣೆ ಹೊರುವ ಪ್ರಸೂತಿ ನರ್ಸ್ ಪ್ರಾಕ್ಟೀಷನರುಗಳಿಗಾಗಿ 18 ತಿಂಗಳ ತರಬೇತಿಯನ್ನು ಪ್ರಕಟಿಸಿತು. ನೆರೆಯ ತೆಲಂಗಾಣದಲ್ಲಿ ಇಂತಹ ತರಬೇತಿ 2017ರಲ್ಲಿಯೇ ಆರಂಭವಾಗಿತ್ತು. ಇದು ಸ್ನಾತಕೋತ್ತರ ಪದವಿಯಲ್ಲವಾದರೂ ತಾಯಂದಿರ ಪಾಲಿಗೆ ದೊಡ್ಡ ಆಸರೆ. ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗಿ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಮೊದಲೇ ಗುರುತಿಸುವ ಕೆಲಸಕ್ಕೂ ನರ್ಸಿಂಗ್ ಪದವೀಧರರೇ ಬೇಕು.

ಹಾಗಾದರೆ ಅಧ್ಯಾಪನ ಸೇವೆಯಲ್ಲವೇ? ಖಂಡಿತ ಸೇವೆಯೇ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿಗೆ ಇಂಗ್ಲಿಷ್ ಪಠ್ಯದ ಭಯ ಬಿಡಿಸಿ ಕಲಿಸಬಲ್ಲ ಅಧ್ಯಾಪಕಿ ನೂರಾರು ಹಾಸಿಗೆಗಳಿಗೆ ಏಕಕಾಲದಲ್ಲಿ ನೆರವಾಗುತ್ತಾಳೆ. ಆದರೆ ರಾತ್ರಿ ಪಾಳಿ ತಪ್ಪಿಸಿಕೊಳ್ಳಲೆಂದು, ಮದುವೆಯ ಮಾತುಕತೆಗೆ ಅನುಕೂಲವೆಂದು ಮಾತ್ರ ಬೋಧನೆಯನ್ನು ಆರಿಸಿಕೊಂಡರೆ ಅದು ವಿದ್ಯಾರ್ಥಿಗಳಿಗೂ ರೋಗಿಗಳಿಗೂ ಅನ್ಯಾಯ. ವಿದೇಶದ ಆಸೆಯಿಂದ ಮಾತ್ರ ನರ್ಸ್ ಪ್ರಾಕ್ಟೀಷನರ್ ಶಿಕ್ಷಣಕ್ಕೆ ಸೇರುವುದೂ ಸರಿಯಲ್ಲ. ಇಲ್ಲಿಯ ಪ್ರಮಾಣಪತ್ರ ಮಾತ್ರದಿಂದ ಅಮೆರಿಕದಲ್ಲಿ ಆ ಹುದ್ದೆ ದೊರೆಯದು.

ಸಾಲ ಮಾಡಿ ಶುಲ್ಕ ಕಟ್ಟುವ ಮೊದಲು ಕುಟುಂಬಗಳು ಕೆಲವು ಸಂಗತಿಗಳನ್ನು ವಿಚಾರಿಸಬೇಕು. ಕಾಲೇಜಿಗೆ ಭಾರತೀಯ ನರ್ಸಿಂಗ್ ಪರಿಷತ್ತಿನ ಹಾಗೂ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಮಾನ್ಯತೆ ಇದೆಯೇ? ಅಭ್ಯಾಸಕ್ಕೆ ಸಾಕಷ್ಟು ರೋಗಿಗಳಿರುವ ಆಸ್ಪತ್ರೆ ಇದೆಯೇ? ಅಲ್ಲಿ ಕಲಿತವರು ಇಂದು ಯಾವ ಹುದ್ದೆಯಲ್ಲಿದ್ದಾರೆ? ಪದವಿಯಾದ ಬಳಿಕ ಕನಿಷ್ಠ ಒಂದು ವರ್ಷ ವಾರ್ಡಿನಲ್ಲಿ ದುಡಿದು ಆಮೇಲೆ ನಿರ್ಧರಿಸುವುದು ಲೇಸು. ತನ್ನ ಮನಸ್ಸು ಯಾವ ಕಡೆಗೆ ಒಲಿಯುತ್ತದೆಂದು ಆಗ ತಾನಾಗಿಯೇ ತಿಳಿಯುತ್ತದೆ. ಸಂವಿಧಾನದ 371(ಜೆ) ವಿಧಿಯಂತೆ ನಮ್ಮ ಭಾಗದವರಿಗಿರುವ ಮೀಸಲಾತಿಯ ಪ್ರಮಾಣಪತ್ರವನ್ನೂ ಮೊದಲೇ ಪಡೆದಿಟ್ಟುಕೊಳ್ಳಬೇಕು.

ಶುಭಸಂದೇಶದ ಸಮಾರಿತನು ಗಾಯಗೊಂಡವನ ಗಾಯಗಳನ್ನು ತಾನೇ ಕಟ್ಟಿದನು. ಮರುದಿನ ಛತ್ರದವನಿಗೆ ಹಣ ಕೊಟ್ಟು ಆರೈಕೆಯನ್ನು ಅವನಿಗೆ ಒಪ್ಪಿಸಿದನು. ತಾನೇ ಆರೈಕೆ ಮಾಡುವುದೂ ಮತ್ತೊಬ್ಬರನ್ನು ಆರೈಕೆಗೆ ಹಚ್ಚುವುದೂ ಒಂದೇ ಕರುಣೆಯ ಎರಡು ರೂಪಗಳು. ಕಾಯಕಕ್ಕೆ ಹೆಸರಾದ ಕಲ್ಯಾಣದ ನೆಲದಲ್ಲಿ ಬೆಳೆದ ನಮ್ಮ ಹೆಣ್ಣುಮಕ್ಕಳು ಯಾವುದನ್ನೇ ಆರಿಸಲಿ, ತಿಳಿದು ಆರಿಸಲಿ; ಹಿರಿಯರಾದ ನಾವು ಅವರ ಆಯ್ಕೆಗೆ ಬೆಂಬಲವಾಗಿ ನಿಲ್ಲೋಣ.