ಮೊಣಕಾಲಿನ ಮೃದ್ವಸ್ಥಿಗೆ ಊಟ ಎಲ್ಲಿಂದ?

ಮುಂಗಾರು ಬಿತ್ತನೆಯಾಗಿ ತಿಂಗಳು ಕಳೆಯುವಷ್ಟರಲ್ಲಿ ಉಮರಗಾ, ನಿಲಂಗಾ, ಉದಗೀರ ಕಡೆಯ ಸೋಯಾಬೀನ್ ಹೊಲಗಳಲ್ಲಿ ಹೆಂಗಸರು ಸಾಲು ಹಿಡಿದು, ಕುಕ್ಕುರುಗಾಲಲ್ಲಿ ಕೂತು ಕಳೆ ತೆಗೆಯುತ್ತಾರೆ. ಸಂಜೆ ಏಳುವಾಗ "ಯವ್ವಾ, ಮೊಣಕಾಲು ಹಿಡೀತು" ಎಂಬ ಮಾತು. ವಯಸ್ಸಾಯಿತು, ವಾಯು ಸೇರಿತು ಎಂದು ನಾವೂ ಸುಮ್ಮನಾಗುತ್ತೇವೆ.

ಕೀಲಿನಲ್ಲಿ ಎಲುಬುಗಳ ತುದಿಗೆ ನುಣುಪಾದ ಬಿಳಿ ಹೊದಿಕೆಯಿದೆ. ಅದೇ ಮೃದ್ವಸ್ಥಿ. ಆಡಿನ ಕಾಲು ತಂದು ಬೇಯಿಸುವವರು ಆ ಹೊಳೆಯುವ ಪದರವನ್ನು ಕಂಡೇ ಇರುತ್ತಾರೆ. ಮೊಣಕಾಲಿನಲ್ಲಿ ಅದರ ದಪ್ಪ ಕೆಲವೇ ಮಿಲಿಮೀಟರ್. ಅದರಲ್ಲಿ ಹೆಚ್ಚಿನ ಪಾಲು ನೀರು. ಸೋಜಿಗವೆಂದರೆ ಅದಕ್ಕೆ ನರವೂ ಇಲ್ಲ, ರಕ್ತನಾಳವೂ ಇಲ್ಲ. ನರವಿಲ್ಲದ ಕಾರಣ ಸವೆಯುವಾಗ ಗೊತ್ತಾಗುವುದಿಲ್ಲ. ನೋವು ಏಳುವುದು ಕೆಳಗಿನ ಎಲುಬಿನಿಂದ, ಕೀಲಿನ ಒಳಪೊರೆಯಿಂದ, ಅದೂ ತಡವಾಗಿ. ರಕ್ತವಿಲ್ಲದ ಕಾರಣ ಸವೆದದ್ದು ಮೊದಲಿನಂತೆ ಬೆಳೆಯುವುದಿಲ್ಲ.

ಹಾಗಾದರೆ ಅದಕ್ಕೆ ಊಟ? ಕೀಲಿನೊಳಗಿನ ಅಂಟುದ್ರವದಿಂದ. ಹೆಜ್ಜೆ ಊರಿದಾಗ ಮೃದ್ವಸ್ಥಿ ಸ್ಪಂಜಿನಂತೆ ಹಿಂಡಿಕೊಳ್ಳುತ್ತದೆ, ಎತ್ತಿದಾಗ ದ್ರವವನ್ನು ಹೀರುತ್ತದೆ. ಗಂಟೆಗಟ್ಟಲೆ ಕುಕ್ಕುರು ಕೂತರೆ ಹಿಂಡುವುದಷ್ಟೇ ಆಯಿತು, ಹೀರುವುದಕ್ಕೆ ಬಿಡುವಿಲ್ಲ. ಬೀಜಿಂಗಿನ ಹಿರಿಯರ ಬಗ್ಗೆ 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹರೆಯದಲ್ಲಿ ದಿನವೂ ಬಹಳ ಹೊತ್ತು ಕುಕ್ಕುರು ಕೂತವರಲ್ಲಿ ಮೊಣಕಾಲಿನ ಸವೆತ ಹೆಚ್ಚು ಕಂಡಿತು. ಹಾಗೆಂದು ತಿಂಗಳುಗಟ್ಟಲೆ ಹಾಸಿಗೆ ಹಿಡಿಯುವುದೂ ಸರಿಯಲ್ಲ. ಆಗ ಮೃದ್ವಸ್ಥಿ ಉಪವಾಸ, ತೊಡೆಯ ಸ್ನಾಯುವೂ ಸೊರಗುತ್ತದೆ.

ದೇವಣಿ ಎತ್ತಿಗೆ ಮಧ್ಯಾಹ್ನ ನೊಗ ಬಿಚ್ಚುತ್ತೇವೆ. ಕಳೆ ತೆಗೆಯುವ ಹೆಂಗಸರ ಮೊಣಕಾಲಿಗೆ ಆ ಮರ್ಯಾದೆಯೂ ಇಲ್ಲ! ಸಾಲು ಮುಗಿಯಲಿ ಎಂದು ಕಾಯದೆ ಆಗಾಗ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ಸಾಲುಗಳ ನಡುವೆ ಎಡೆಕುಂಟೆಯನ್ನೋ ಸೈಕಲ್ ಕುಂಟೆಯನ್ನೋ ಹೊಡೆದರೆ ಕೈಗೆ ಉಳಿಯುವುದು ಗಿಡದ ಬುಡದ ಕಳೆ ಮಾತ್ರ. ಮನೆಯಲ್ಲಿ ಕಟ್ಟೆಯ ಮೇಲೆ ಕೂತು ಒಂದೊಂದೇ ಕಾಲನ್ನು ನೇರವಾಗಿ ಚಾಚಿ, ಐದು ಎಣಿಸಿ ಇಳಿಸಿರಿ. ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಮೈತೂಕ ಹೆಚ್ಚಿದ್ದವರು ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಯಲ್ಲೂ ಮೊಣಕಾಲಿನ ಮೇಲೆ ಸುಮಾರು ನಾಲ್ಕು ಕಿಲೋ ಭಾರ ತಗ್ಗುತ್ತದೆ. ಇಷ್ಟು ಅಗ್ಗದ ಔಷಧ ಬೇರೆ ಸಿಗಲಾರದು.

ಅಂಗಡಿಯಿಂದ ತಂದ ನೋವಿನ ಗುಳಿಗೆಯನ್ನು ಮಾತ್ರ ದಿನವೂ ನುಂಗಬೇಡಿ. ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ಕೀಲು ಒಮ್ಮೆಲೇ ಊದಿ, ಕೆಂಪೇರಿ, ಜ್ವರವೂ ಬಂದರೆ ಅದು ಸವೆತವಲ್ಲ, ಒಳಗೆ ಕೀವಾಗಿರಬಹುದು. ಅಂದೇ ವೈದ್ಯರಿಗೆ ತೋರಿಸಿರಿ.